ಜೀಪಿನ ಬಾಗಿಲು ಬಿಚ್ಚಿದವರು ಯಾರು?

“ಸ್ಪ್ಯಾನರ್ ಹಾಕಿದೆ, ತಿರುವಿದೆ, ಬಾಗ್ಲು ಕೈಗೆ ಬಂತು. ಹತ್ತು ನಿಮಿಷದ ಕೆಲಸ ನೋಡ್ರಿ,” ಎಂದ ಸಿದ್ದಲಿಂಗೇಶ್.

ಜೀಪಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಿದ್ದ ನಾಗೇಂದ್ರಪ್ಪ ತಲೆ ಎತ್ತಲಿಲ್ಲ. ಅವರ ಮೂಗು ಬಾಗಿಲಿನ ಕೀಲಿನಿಂದ ಒಂದು ಗೇಣು ದೂರದಲ್ಲಿತ್ತು. ಬಾಗಿಲು ಇರಬೇಕಾದ ಜಾಗದಲ್ಲಿ ಬರೀ ಗಾಳಿ. ಈ ಬದಿಯಿಂದ ನೋಡಿದರೆ ಸೀಟು, ಸ್ಟಿಯರಿಂಗು, ಅದರಾಚೆ ಅಂಗಳದ ಕಣಗಿಲೆ ಗಿಡ, ಎಲ್ಲ ಕಾಣುತ್ತಿತ್ತು.

“ಎಷ್ಟನೇ ನಂಬರ್ ಸ್ಪ್ಯಾನರ್ರಿ ಧಣಿ?”

“ಅದೇ… ಹನ್ನೆರಡೋ ಹದಿಮೂರೋ ಇರಬೇಕು.”

“ಹೌದ್ರಿ?” ಎಂದರು ನಾಗೇಂದ್ರಪ್ಪ. ಅವರ ದನಿಯಲ್ಲಿ ಸಂತೋಷವಿತ್ತು. ದೋಣಿಮಲೈ ಗಣಿಯ ವರ್ಕ್‌ಶಾಪಿನಲ್ಲಿ ಮೂವತ್ನಾಲ್ಕು ವರ್ಷ ಫೋರ್ಮನ್ ಆಗಿದ್ದು, ರಿಟೈರಾಗಿ ಮೂರು ವರ್ಷವಾದರೂ ಕೈ ಸುಮ್ಮನಿರದ ಮನುಷ್ಯ. ಮನೆಯಲ್ಲಿ ಕೆಟ್ಟದ್ದು ಏನೂ ಸಿಗದಿದ್ದರೆ ಚೆನ್ನಾಗಿರುವ ಮಿಕ್ಸಿಯನ್ನೇ ಬಿಚ್ಚಿ ಕೂರುತ್ತಾರೆಂದು ಅವರ ಹೆಂಡತಿ ಅನುಸೂಯಾ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಭಾನುವಾರ ಸಂಜೆ ಪಾಪಿನಾಯಕನಹಳ್ಳಿ ಹತ್ತಿರ ಪಕ್ಕೀರಪ್ಪನ ಸೈಕಲ್ಲಿಗೆ ಗುದ್ದಿ ನಿಲ್ಲದೆ ಓಡಿದ ಕರೀ ಜೀಪಿನ ಜಾಡು, ಬುಧವಾರ ಬೆಳಿಗ್ಗೆ ಕಂಪ್ಲಿಯ ಈ ರೈಸ್‌ಮಿಲ್ ಧಣಿಯ ಅಂಗಳಕ್ಕೆ ಬಂದು ಮುಟ್ಟಿತ್ತು. ಪಕ್ಕೀರಪ್ಪ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿರಲಿಲ್ಲ.

ಅಂಥ ಜೀಪು ಈ ಸುತ್ತಿನಲ್ಲಿ ಎರಡೇ. ಒಂದು ಸಿದ್ದಲಿಂಗೇಶನದು. ಇನ್ನೊಂದು ಹಂಪಿಯ ಗೆಸ್ಟ್ ಹೌಸಿನದು. ಅದು ಅವತ್ತು ಸರ್ವಿಸಿಗೆಂದು ಪಾಪಿನಾಯಕನಹಳ್ಳಿಯ ಮೆಕ್ಯಾನಿಕ್ ಮಾರೇಶನ ಗ್ಯಾರೇಜಿಗೆ ಬಂದಿತ್ತು. ಸಂಜೆ ಅವನು ಅದೇ ರಸ್ತೆಯಲ್ಲಿ ಟ್ರಯಲ್ ನೋಡಿದ್ದ. ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ನಂಬರು ಕಾಣದ ಹಾಗೆ ಸಿಕ್ಕ ಜೀಪಿಗೆ ಎರಡೂ ಬಾಗಿಲುಗಳಿದ್ದವು. ಸಿದ್ದಲಿಂಗೇಶನ ಜೀಪಿಗೆ ಬಾಗಿಲೇ ಇಲ್ಲ. ಸಂಡೂರು ಗುಡ್ಡ ಹತ್ತುವ ಶೋಕಿಗೆ ಶನಿವಾರವೇ ಮನೆಯಲ್ಲಿ ಬಿಚ್ಚಿಟ್ಟೆ ಎಂದು ಅವನ ಹೇಳಿಕೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಠಾಣೆಯವರು ಹೇಳಿಕೆ ಬರೆದುಕೊಂಡು ಬಂದರು, ಮಂಗಳವಾರ ಸಂಜೆ ಮಾರೇಶನನ್ನು ಒಳಗೆ ಹಾಕಿದರು.

ಇವತ್ತು ನಾಲ್ಕು ಗಂಟೆಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಜೈಲು. ಮಾರೇಶ ಹದಿನೆಂಟರ ವಯಸ್ಸಿನಲ್ಲಿ ಅಪ್ರೆಂಟಿಸ್ ಆಗಿ ಬಂದು ನಾಗೇಂದ್ರಪ್ಪನವರ ಕೈಕೆಳಗೆ ಸ್ಪ್ಯಾನರ್ ಹಿಡಿಯಲು ಕಲಿತವನು. ಅವನ ಹೆಂಡತಿ ಗಂಗೋತ್ರಿ ಬೆಳಿಗ್ಗೆ ಬಾಗಿಲಿಗೆ ಬಂದು ಅತ್ತದ್ದು ಅವರ ಕಿವಿಯಲ್ಲಿ ಇನ್ನೂ ಇತ್ತು.

“ಮೇಡಂ, ಸ್ವಲ್ಪ ಇಲ್ಲಿ ಬರ್ರಿ,” ಎಂದು ಅವರು ಕರೆದರು.

ಪಿ.ಎಸ್.ಐ. ಶಾಂಭವಿ ಹತ್ತಿರ ಬಂದು ಬಗ್ಗಿದಳು. ಮೂವತ್ತು ದಾಟದ ಹುಡುಗಿ. ಸೋಮವಾರ ಈ ಮನೆಯಲ್ಲಿ ಹೇಳಿಕೆ ಬರೆದುಕೊಂಡವಳು ಅವಳೇ, ಅಂದಿನಿಂದ ನಿದ್ದೆ ಸರಿ ಇಲ್ಲದವಳೂ ಅವಳೇ. ಗಾಡಿ ಬಲ್ಲವರೊಬ್ಬರು ನೋಡಿ ಹೇಳಲಿ ಎಂದು ನಾಗೇಂದ್ರಪ್ಪನವರನ್ನು ಕರೆತಂದಿದ್ದಳು.

“ಈ ಬೋಲ್ಟಿನ ತಲಿ ನೋಡ್ರಿ.”

ಬಾಗಿಲು ಹೋದ ಮೇಲೆ ಬೋಲ್ಟುಗಳು ಕಳೆಯಬಾರದೆಂದು ಯಾರೋ ಅವನ್ನು ಅವುಗಳ ತೂತಿಗೇ ಕೈಯಲ್ಲಿ ತಿರುವಿ ಕೂರಿಸಿದ್ದರು. ತಲೆಯ ನಡುವೆ ಆರು ಮೂಲೆಯ ನಕ್ಷತ್ರದಂಥ ಗುಳಿ.

“ಸ್ಟಾರ್ ಬೋಲ್ಟು. ಇದಕ್ಕ ಸ್ಪ್ಯಾನರ್ ಹತ್ತಂಗಿಲ್ರಿ. ಸ್ಟಾರ್ ಬಿಟ್ ಅಂತ ಬ್ಯಾರೇನ ಬರತೈತಿ. ಅದಿಲ್ದ ಜಗ್ಗಿದ್ರ ತಲಿ ಸವೆದು ಹೋಗತೈತಿ. ಇವು ನೋಡ್ರಿ, ಒಂದು ಗೀರಿಲ್ಲ. ಕೀಲಿನ ಸುತ್ತ ಪೇಂಟಿಗೂ ಒಂದು ಗಾಯ ಇಲ್ಲ. ಟೇಪ್ ಅಂಟಿಸಿ ಬಿಚ್ಯಾರ. ಅಂಟು ಇನ್ನೂ ಐತಿ, ಮುಟ್ಟಿ ನೋಡ್ರಿ.”

ಶಾಂಭವಿ ಬೆರಳಿಟ್ಟು ನೋಡಿದಳು. ಅಂಟಿತು.

ನಾಗೇಂದ್ರಪ್ಪ ಮೊಣಕಾಲ ಮೇಲೆ ಕೈಯೂರಿ ಎದ್ದರು. “ಧಣಿ, ಪವರ್ ವಿಂಡೋ ವೈರನ್ನ ಮೊದಲು ಬಿಚ್ಚಿದ್ರೋ, ಬೋಲ್ಟ್ ತೆಗೆದ ಮ್ಯಾಲೆ ಬಿಚ್ಚಿದ್ರೋ?”

“ಯಾವ ವೈರು?”

ಕೇಳಿದ ಮರುಕ್ಷಣವೇ ಸಿದ್ದಲಿಂಗೇಶನಿಗೆ ತಪ್ಪು ಗೊತ್ತಾಯಿತು. ಆರಡಿ ಎತ್ತರದ, ಮಾತು ಕಲಿತ ಗಂಡಸು ಒಮ್ಮೆ ಕೆಮ್ಮಿದ. “ಹಾಂ, ವೈರು… ಅದು ಹಂಗೇ ಬಂತು ಅನ್ರಿ. ಸಣ್ಣ ಪುಟ್ಟದ್ದೆಲ್ಲ ಎಲ್ಲಿ ನೆನಪಿರತೈತಿ?”

ಹಂಗೇ ಬರುವುದಿಲ್ಲ. ಆ ವೈರಿನ ಸಾಕೆಟ್ಟು ಡ್ಯಾಶ್‌ಬೋರ್ಡಿನ ಕೆಳಗಿರುತ್ತದೆ. ಕೈ ತೂರಿಸಿ, ಸಣ್ಣ ಕೊಕ್ಕೆ ಒತ್ತಿ ಹಿಡಿದು ಎಳೆಯಬೇಕು. ಗೊತ್ತಿಲ್ಲದವನು ಎಳೆದರೆ ಹರಿಯುತ್ತದೆ. ಇಲ್ಲಿ ಸಾಕೆಟ್ಟು ಹರಿದಿರಲಿಲ್ಲ; ಧೂಳು ಹೋಗದಿರಲೆಂದು ಅದರ ಬಾಯಿಗೆ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟಿದ್ದರು. ಬಾಗಿಲು ತೀರ ಹಿಂದಕ್ಕೆ ಹೋಗದಂತೆ ತಡೆಯುವ ಪಟ್ಟಿಯ ಸ್ಕ್ರೂ ಕೂಡ ತನ್ನ ಜಾಗದಲ್ಲೇ ಇತ್ತು. ಕೆಲಸ ಬಲ್ಲ, ಕೆಲಸದ ಮೇಲೆ ಪ್ರೀತಿಯಿರುವ ಕೈ ಅದು. ಈ ಕೈಯ ಮಾಲೀಕ ಯಾರೆಂದು ತಿಳಿಯುವ ಆಸೆ ನಾಗೇಂದ್ರಪ್ಪನವರಿಗೆ ಹಸಿವಿನ ಹಾಗೆ ಹತ್ತಿತು.

ಅವರು ಜೀಪಿನೊಳಕ್ಕೆ ತಲೆ ಹಾಕಿದರು.

“ಭಾನುವಾರ ಬಾಗ್ಲಿಲ್ದ ಗಾಡ್ಯಾಗ ಗುಡ್ಡಕ್ಕ ಹೋಗಿದ್ರಿ ಅಂದ್ರಿ?”

“ಬೆಳಿಗ್ಗೆ ಹೋಗಿ ಮಧ್ಯಾಹ್ನ ಬಂದೆ. ಆಮ್ಯಾಲೆ ಗಾಡಿ ಅಂಗಳ ಬಿಟ್ಟಿಲ್ಲ.”

“ಸಂಡೂರು ಗುಡ್ಡದ ಕೆಂಪು ಧೂಳು ನನಗ ಗೊತ್ರಿ. ಮೂವತ್ನಾಕು ವರ್ಷ ತಿಂದೀನಿ. ಮೂಗಿನ್ಯಾಗ, ಅನ್ನದಾಗ, ಹಾಸಿಗ್ಯಾಗ. ಬಾಗ್ಲಿಲ್ದ ಗಾಡ್ಯಾಗ ಹೋದ್ರ ಈ ಕಾರ್ಪೆಟ್ಟು ಕುಂಕುಮದ ಬಟ್ಟಲ ಆಗಬೇಕಿತ್ತು. ಇದು ಮದಲಗಿತ್ತಿ ಪೆಟ್ಟಿಗಿ ಹಂಗ ಐತಿ.”

“ತೊಳೆಸೀನಿ. ಪ್ರೆಶರ್ ವಾಟರ್ ಹೊಡೆಸೀನಿ. ಗಾಡಿ ತೊಳೆಯೋದು ತಪ್ಪೇನ್ರಿ ಮೇಡಂ?” ಅವನು ಶಾಂಭವಿಯ ಕಡೆ ತಿರುಗಿ ನಕ್ಕ.

ತಪ್ಪಲ್ಲ. ಅದೇ ತೊಂದರೆ. ಸ್ಟಾರ್ ಬೋಲ್ಟಾಗಲಿ ಧೂಳಾಗಲಿ ಅನುಮಾನ ಹುಟ್ಟಿಸುತ್ತವೆ ಅಷ್ಟೇ. ತಾನೇ ಬಿಚ್ಚಿದೆ ಎಂದು ಸುಳ್ಳು ಜಂಬ ಕೊಚ್ಚಿಕೊಂಡೆ ಎಂದುಬಿಟ್ಟರೆ ಮುಗಿಯಿತು. ಶನಿವಾರವೇ ಬಿಚ್ಚಿದ್ದೋ ಅಲ್ಲವೋ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ, ಮಾರೇಶ ಒಳಗೇ ಉಳಿಯುತ್ತಾನೆ.

ಆದರೆ ಡ್ರೈವರ್ ಸೀಟು ನೋಡಿ ನಾಗೇಂದ್ರಪ್ಪ ಹುಬ್ಬು ಗಂಟಿಕ್ಕಿದರು. ಅದನ್ನು ಪೂರಾ ಮುಂದಕ್ಕೆ ಎಳೆದಿದ್ದರು. ಸ್ಟಿಯರಿಂಗಿಗೂ ಸೀಟಿಗೂ ನಡುವೆ ಒಂದೇ ಗೇಣು ಜಾಗ.

“ಮನ್ಯಾಗ ಯಾರ್ಯಾರು ಇದ್ದೀರಿ ಧಣಿ?” ಎಂದು ಹವಾಮಾನ ವಿಚಾರಿಸಿದಂತೆ ಕೇಳಿದರು.

“ನಾನು, ಅವ್ವ, ನನ್ನಾಕಿ. ಆಕಿ ತಮ್ಮ ರಜಾಕ್ಕ ಬಂದಾನ. ಯಾಕ?”

“ಸುಮ್ನ ಕೇಳಿದೆ.”

ಅಷ್ಟರಲ್ಲಿ ಒಳಗಿನಿಂದ ಒಂದು ಕೈ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ಮಜ್ಜಿಗೆಯ ತಂಬಿಗೆ ಹಿಡಿದು ಸಿದ್ದಲಿಂಗೇಶನ ತಾಯಿ ಕೊಟ್ರಬಸಮ್ಮ ಬಂದರು. ಎಪ್ಪತ್ತರ ಮೇಲಿನ ಹೆಂಗಸು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಪೊಲೀಸರು ಬಂದಿದ್ದಾರೆಂದು ಮುಖದಲ್ಲಿ ಅಂಜಿಕೆಯಿರಲಿಲ್ಲ. ಮನೆಗೆ ಬಂದವರು ಬಿಸಿಲಲ್ಲಿ ನಿಂತಿದ್ದಾರಲ್ಲ ಎಂಬ ಬೇಸರವಿತ್ತು.

“ಅವ್ವಾ, ನೀ ಯಾಕ ಇಳದಿ? ಮೊಣಕಾಲು ನೋವು ಅಂತ ಮೂರು ದಿನದಿಂದ ಮಲಗೀದಿ!” ಸಿದ್ದಲಿಂಗೇಶ್ ಓಡಿಬಂದ.

“ಮಂದಿ ಬಾಯಾರಿ ನಿಂತಾರ, ನಾ ಮಲಗಲೇನು? ಕುಂದ್ರಿ ತಮ್ಮಾ, ಕುಂದ್ರವ್ವ. ಮಜ್ಜಿಗಿ ಕುಡೀರಿ ಮೊದಲು.”

ನಾಗೇಂದ್ರಪ್ಪ ಮಜ್ಜಿಗೆ ಕುಡಿದರು. ಕುಡಿಯುತ್ತಲೇ ಅವರ ಕಣ್ಣು ಜೀಪಿನ ಮುಂದಿನ ಮಡ್‌ಗಾರ್ಡಿನ ಮೇಲೆ ನಿಂತಿತು. ಅಷ್ಟು ಹೊತ್ತು ಕೀಲಿಗೆ ಮೂಗು ಹಚ್ಚಿದ ಮನುಷ್ಯ ಒಂದು ಗೇಣು ಆಚೆ ನೋಡಿರಲಿಲ್ಲ.

ಕರೀ ಬಣ್ಣದ ಮೇಲೆ ಮೂರು ಬಿಳೀ ಗೆರೆ. ದೀಪದ ಹಿಂದಿನಿಂದ ಹೊರಟು, ಒಂದೇ ಸಮನೆ ಬಂದು, ಬಾಗಿಲು ಶುರುವಾಗುವ ಅಂಚಿನಲ್ಲಿ ಚಾಕುವಿನಿಂದ ಕೊಯ್ದ ಹಾಗೆ ನಿಂತುಬಿಟ್ಟಿದ್ದವು. ನೀರಲ್ಲಿ ಕಲಸಿ ಹಚ್ಚಿದ ವಿಭೂತಿ. ಜೀಪಿನ ಬಂಪರು, ಗಾಲಿ, ಒಳಗು ಎಲ್ಲ ತಿಕ್ಕಿ ತೊಳೆದಿದ್ದರೂ ಆ ಮೂರು ಗೆರೆಗಳ ಸುತ್ತ ಅಂಗೈ ಅಗಲ ಜಾಗವನ್ನು ನೀರು ಮುಟ್ಟಿರಲಿಲ್ಲ.

ಭಾನುವಾರ ಅಮಾವಾಸ್ಯೆ ಇದ್ದದ್ದು ಅವರಿಗೆ ನೆನಪಾಯಿತು.

“ಅವ್ವಾರ, ಅಮಾಸಿ ಪೂಜಿ ಭಾಳ ಛಲೋ ಮಾಡೀರಿ,” ಎಂದರು.

ಕೊಟ್ರಬಸಮ್ಮನ ಮುಖ ಅರಳಿತು. “ನಮ್ಮ ಮನ್ಯಾಗ ಗಾಡಿಗೆ ಸುಮ್ನ ಬೊಟ್ಟು ಇಟ್ಟು ಕೈ ತೊಳಕೊಳ್ಳಂಗಿಲ್ಲ ತಮ್ಮಾ. ಬಾನೆಟ್ಟಿಗೆ ಎಲ್ಲಾರೂ ಹಚ್ತಾರ. ನಾ ಬಗಲಿಗೂ ಹಚ್ತೀನಿ. ಮಂದಿ ಹತ್ತೋದು ಇಳಿಯೋದು ಅಲ್ಲೇ ಅಲ್ಲೇನು? ನಮ್ಮತ್ತಿ ಎತ್ತಿನ ಬಂಡಿಗೂ ಹಂಗೇ ಹಚ್ತಿದ್ರು. ಮೂರು ಬೆರಳು ಅದ್ದಬೇಕು, ಕೈ ಎತ್ತದಂಗ ಎಳೀಬೇಕು.”

“ಈ ಅಮಾಸಿ ದಿನಾನೂ ನೀವೇ ಹಚ್ಚಿದ್ರೇನ್ರಿ?”

“ಮತ್ತ ಯಾರು ಹಚ್ಚಬೇಕು? ಭಾನುವಾರ ನಾಕು ಗಂಟಿಗೆ ಹಚ್ಚಿದೆ. ಬಗ್ಗಿ ಎದ್ದದ್ದಕ್ಕ ನೋಡು, ಅವತ್ತಿನಿಂದ ಕಾಲು ಹಿಡಕೊಂಡೈತಿ.”

“ಎಲ್ಲಿಂದ ಎಲ್ಲಿ ತನಕ ಎಳೀತೀರಿ ಅವ್ವಾರ?”

ಕೇಳುವಾಗ ನಾಗೇಂದ್ರಪ್ಪನವರಿಗೆ ನಾಚಿಕೆಯಾಯಿತು. ಮಜ್ಜಿಗೆ ಕೊಟ್ಟ ಕೈಯಿಂದಲೇ ಮಗನಿಗೆ ಬಲೆ ಹೆಣೆಸುತ್ತಿದ್ದೇನೆ ಅನ್ನಿಸಿತು. ಆದರೂ ಕೇಳಿದರು.

“ಅವ್ವಾ, ಬಿಸಿಲೈತಿ, ಒಳಗ ನಡಿ,” ಎಂದು ಸಿದ್ದಲಿಂಗೇಶ್ ಏನೇನೋ ತೊದಲಿದ.

ಮುದುಕಿ ಆಗಲೇ ಜೀಪಿನ ಹತ್ತಿರ ಹೋಗಿದ್ದರು. ಮೂರು ಬೆರಳು ಚಾಚಿದರು. ದೀಪದ ಹಿಂದೆ ಇಟ್ಟರು. ಗೆರೆಗಳ ಮೇಲೇ ಮೆಲ್ಲಗೆ ಎಳೆಯುತ್ತ ಬಂದರು. ಮಡ್‌ಗಾರ್ಡು ಮುಗಿಯಿತು. ಕೈ ನಿಲ್ಲಲಿಲ್ಲ. ಬಾಗಿಲು ಇರಬೇಕಾದ ಗಾಳಿಯಲ್ಲಿ ಇನ್ನೊಂದು ಮೊಳ ಮುಂದೆ ಹೋಗಿ ನಿಂತಿತು.

“ಇಲ್ಲಿ ತನ…”

ಅವರು ತಮ್ಮ ಬೆರಳುಗಳನ್ನೇ ನೋಡಿದರು. ಬೆರಳಿನ ಕೆಳಗೆ ಏನೂ ಇರಲಿಲ್ಲ.

“ಸಿದ್ದೂ, ಬಾಗ್ಲು ಎಲ್ಲೋ? ಅಮಾಸಿ ದಿನ ಇದ್ದುವಲ್ಲೋ!”

ಶಾಂಭವಿಯ ಕೈಯಲ್ಲಿದ್ದ ಮಜ್ಜಿಗೆ ಲೋಟ ಅರ್ಧಕ್ಕೇ ನಿಂತಿತ್ತು. ಮಗ ತಾಯಿಯ ಮುಖ ನೋಡಲಾರದೆ ನೆಲ ನೋಡಿದ. ತಾಯಿಗೆ ಏನೋ ಆಗಬಾರದ್ದು ಆಗಿದೆ ಎಂದಷ್ಟೇ ತಿಳಿದಂತಿತ್ತು. ತಂಬಿಗೆಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಬಾಗಿಲುಗಳು ಮನೆಯ ಹಿಂದಿನ ಮೂಟೆ ಕೋಣೆಯಲ್ಲಿದ್ದವು. ಅಕ್ಕಿ ಚೀಲಗಳಿಗೆ ಒರಗಿಸಿ, ಹಳೇ ರಗ್ಗು ಹೊದಿಸಿದ್ದರು. ಶಾಂಭವಿ ರಗ್ಗು ಎತ್ತಿದಳು. ಬಲಗಡೆ ಬಾಗಿಲಿನ ಮುಂದಿನ ಅಂಚಿನಿಂದ ಒಂದು ಮೊಳದವರೆಗೆ ಮೂರು ಬಿಳೀ ಗೆರೆ. ಎಡಗಡೆಯದರ ಮೇಲೂ ಮೂರು. ಜೀಪಿನ ಮೇಲೆ ನಿಂತ ಗೆರೆಗಳ ಉಳಿದರ್ಧ.

ಅವಳು ಎರಡನ್ನೂ ಫೋಟೋ ತೆಗೆದಳು. “ಇಷ್ಟೆಲ್ಲ ತೊಳೆದವರು ಇದನ್ನೊಂದು ಯಾಕೆ ಬಿಟ್ಟರು ಸಾರ್?”

“ಕೈ ಬರಲಿಲ್ಲ ಮೇಡಂ. ಅವ್ವ ಹಚ್ಚಿದ ವಿಭೂತಿ. ನಮ್ಮ ಕಡಿ ಮಂದಿ ರಕ್ತ ತೊಳೀತಾರ, ಸುಳ್ಳು ಹೇಳ್ತಾರ, ಪೊಲೀಸರ ಮುಂದ ನಕ್ಕೊಂತ ನಿಂದರ್ತಾರ. ಇನ್ನೊಂದು ಅಮಾಸಿ ಬರೋ ತನಕ ಇದನ್ನ ಮಾತ್ರ ಒರೆಸಂಗಿಲ್ಲ. ಪರ ಊರಿನ ಕಳ್ಳ ಆಗಿದ್ರ ಒಂದು ಹಸಿ ಅರಿವಿ ಸಾಕಿತ್ತು, ನಮಗ ಏನೂ ಸಿಗತಿರಲಿಲ್ಲ.”

ಕೋಣೆಯ ಬಾಗಿಲಲ್ಲಿ ನಿಂತಿದ್ದ ಸಿದ್ದಲಿಂಗೇಶ್ ಒಂದು ಚೀಲದ ಮೇಲೆ ಕುಸಿದು ಕುಳಿತ. ನಗೆ ಹೋಗಿತ್ತು. ನಗೆ ಹೋದ ಮೇಲೆ ಆ ಮುಖ ಬಹಳ ಸಾಧಾರಣವಾಗಿ ಕಂಡಿತು.

“ಭಾನುವಾರ ನಾಲ್ಕು ಗಂಟೆಗೆ ಬಾಗಿಲು ಇದ್ದವು,” ಎಂದಳು ಶಾಂಭವಿ. “ಸೋಮವಾರ ಹನ್ನೊಂದಕ್ಕೆ ನಾನು ಬಂದಾಗ ಇರಲಿಲ್ಲ. ನಡುವೆ ಆರೂವರೆಗೆ ಪಕ್ಕೀರಪ್ಪ ರಸ್ತೆಯಲ್ಲಿ ಬಿದ್ದಿದ್ದ. ನನಗೆ ಸುಳ್ಳು ಬರೆಸಿದ್ರಿ.”

“ಗಾಡಿ ನಾ ಓಡಿಸಿಲ್ಲ ಮೇಡಂ. ನಮ್ಮವ್ವನ ಆಣಿ. ಐದರಿಂದ ಎಂಟರ ತನಕ ಮಠದಾಗ ಪ್ರಸಾದಕ್ಕ ನಿಂತಿದ್ದೆ. ನೂರು ಮಂದಿ ನೋಡ್ಯಾರ.”

“ನಂಬ್ತೀನ್ರಿ,” ಎಂದರು ನಾಗೇಂದ್ರಪ್ಪ. “ಸೀಟು ನೋಡಿದೆ. ನಿಮ್ಮ ಮೊಣಕಾಲು ಆ ಸಂದ್ಯಾಗ ಹಿಡಿಯಂಗಿಲ್ಲ. ಓಡಿಸಿದವರು ಗಿಡ್ಡಗ ಇದ್ದಾರ. ಯಾರು?”

ಸಿದ್ದಲಿಂಗೇಶ್ ಚೀಲದ ಹೊಲಿಗೆಯ ದಾರ ಕೀಳತೊಡಗಿದ.

“ನಿಮ್ಮಾಕೀನಾ? ಆಕಿ ತಮ್ಮನಾ?”

“ಜೈಲಿಗೆ ಹಾಕ್ರಿ ನನ್ನ. ಹೇಳಂಗಿಲ್ಲ.”

“ಹೋಗ್ಲಿ, ಅದನ್ನ ಆಮ್ಯಾಲೆ ನೋಡೋಣ. ಬಾಗ್ಲು ಬಿಚ್ಚಿದವರು ಯಾರು? ನಿಮಗಂತೂ ಸ್ಟಾರ್ ಬೋಲ್ಟ್ ಯಾವುದು, ಮೊಳೆ ಯಾವುದು ಗೊತ್ತಿಲ್ಲ. ಬಿಚ್ಚಿದವರು ಭಾಳ ದೊಡ್ಡ ಕೆಲಸಗಾರ. ಅವರ ಹೆಸರಾದ್ರೂ ಹೇಳ್ರಿ.”

ಧಣಿ ತಲೆ ಎತ್ತಿದ. ಅವನ ಕಣ್ಣಲ್ಲಿ ಮೊದಲ ಸಲ ಒಂದು ಬಗೆಯ ಕನಿಕರ ಕಂಡಿತು. ಅದು ನಾಗೇಂದ್ರಪ್ಪನವರ ಬಗ್ಗೆಯೇ ಇತ್ತು.

“ಅದನ್ನ ನನ್ಯಾಕ ಕೇಳ್ತೀರಿ ನಾಗೇಂದ್ರಪ್ಪನೋರ? ನೀವೇ ಕಲಿಸಿದ ಹುಡುಗ. ಲಾಕಪ್ಪಿನ್ಯಾಗ ಕುಂತಾನಲ್ಲ, ನಿಮ್ಮ ಮಾರೇಶ, ಆತನ್ನೇ ಕೇಳ್ರಿ.”

ಪೊಲೀಸ್ ಜೀಪು ಕಂಪ್ಲಿಯಿಂದ ಹೊಸಪೇಟೆಯ ಠಾಣೆಗೆ ಹೊರಟಿತು. ಹಿಂದಿನ ಸೀಟಿನಲ್ಲಿ ಇಬ್ಬರು ಕಾನ್‌ಸ್ಟೇಬಲ್‌ಗಳ ನಡುವೆ ಸಿದ್ದಲಿಂಗೇಶ್. ಮನೆಯ ಉಳಿದವರನ್ನು ಸಂಜೆ ಕರೆಸಿಕೊಂಡರಾಯಿತು, ಮೊದಲು ಮಾರೇಶನನ್ನು ಕೇಳೋಣ ಎಂದು ಶಾಂಭವಿ ಅಂದಿದ್ದಳು. ನಾಗೇಂದ್ರಪ್ಪನವರಿಗೂ ಅದೇ ಆತುರ. ಬೇರೆ ಯಾವುದೂ ತಲೆಗೆ ಹೋಗಲಿಲ್ಲ.

ಅವರಿಗೆ ಸಿಟ್ಟು ಬಂದಿತ್ತು. ಸಿಟ್ಟಿಗಿಂತ ಹೆಚ್ಚು ನೋವಾಗಿತ್ತು. ಸ್ಟಾರ್ ಬೋಲ್ಟು ನೋಡಿ ಮನಸ್ಸಿನಲ್ಲೇ ಶಹಬ್ಬಾಸ್ ಅಂದಿದ್ದರಲ್ಲ, ಅದು ತಮ್ಮ ಹುಡುಗನ ಕೈ ಎಂದು ಗೊತ್ತಾಗದಷ್ಟು ಕುರುಡಾದೆನೇ? ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆಯೇ ಇತ್ತು. ಆ ಜೀಪಿಗೆ ಭಾನುವಾರ ಬಾಗಿಲಿತ್ತು ಎಂದು ಆ ಮನೆಯ ಹೊರಗೆ ಬಲ್ಲವನು ಮಾರೇಶನೊಬ್ಬನೇ. ಒಂದು ಮಾತು ಅಂದಿದ್ದರೆ ಎರಡು ನಿಮಿಷದಲ್ಲಿ ಬಿಡುಗಡೆ. ಯಾಕೆ ಅನ್ನಲಿಲ್ಲ?

ಗಂಗೋತ್ರಿ ಠಾಣೆಯ ಬೇವಿನ ಮರದ ಕೆಳಗೆ ಬುತ್ತಿ ಗಂಟು ಹಿಡಿದು ಕುಳಿತಿದ್ದಳು. ಅವಳ ಕಣ್ಣು ತಪ್ಪಿಸಿಕೊಂಡೇ ನಾಗೇಂದ್ರಪ್ಪ ಒಳಗೆ ಹೋದರು.

ಮಾರೇಶ ಸರಳಿನ ಹಿಂದೆ ಗೋಡೆಗೊರಗಿ ಕುಳಿತಿದ್ದ. ಗುರುವನ್ನು ಕಂಡು ಎದ್ದು ನಿಂತ.

“ಆ ಬಾಗ್ಲು ಬಿಚ್ಚಿದ್ದು ನೀನಾ?”

“ಹೌದ್ರಿ ಗುರುಗಳ.”

ಇಷ್ಟು ಸುಲಭವಾಗಿ ಒಪ್ಪುತ್ತಾನೆಂದು ಅವರು ಅಂದುಕೊಂಡಿರಲಿಲ್ಲ. “ಯಾವಾಗ?”

“ಸೋಮವಾರ ಮುಂಜಾನಿ ಆರಕ್ಕ. ಧಣಿ ಫೋನ್ ಮಾಡಿದ್ರು. ಗುಡ್ಡಕ್ಕ ಹೋಗೋದೈತಿ, ಜಲ್ದಿ ಬಂದು ಬಾಗ್ಲು ಬಿಚ್ಚಿಕೊಡು ಅಂದ್ರು. ಹೋದೆ, ಬಿಚ್ಚಿದೆ. ಪಕ್ಕೀರಪ್ಪನ ಸುದ್ದಿ ಆಗ ನನಗ ಗೊತ್ತೇ ಇರಲಿಲ್ರಿ.”

“ನಿನ್ನೆ ನಿನ್ನ ಹಿಡಿಯುವಾಗ ಗೊತ್ತಿತ್ತಲ್ಲಲೇ! ಬಾಯಾಗ ಏನು ಕಡಲಿ ಇಟ್ಕೊಂಡಿದ್ದಿ? ಒಂದು ಮಾತು ಅಂದಿದ್ರ ಮನ್ಯಾಗ ಊಟ ಮಾಡ್ತಿದ್ದಿ. ಹೊರಗ ನಿನ್ನ ಹೆಂಡ್ತಿ ಬುತ್ತಿ ಹಿಡಕೊಂಡು ಕುಂತಾಳ!”

ಮಾರೇಶ ಸರಳು ಹಿಡಿದುಕೊಂಡ. ಗ್ರೀಸು ಕೂತ ಉಗುರುಗಳು.

“ಎಡಗಡಿ ಬಾಗ್ಲಿನ ವೈರ್ ಬಿಚ್ಚಾಕತ್ತಿದ್ದೆ ಗುರುಗಳ. ಡ್ಯಾಶ್‌ಬೋರ್ಡ್ ಕೆಳಗ ತಲಿ ಹಾಕಿದ್ದೆ, ನಾ ಅಲ್ಲಿ ಇದ್ದದ್ದು ಯಾರಿಗೂ ಕಾಣಂಗಿರಲಿಲ್ಲ. ಮನಿ ಕಿಟಕಿ ತೆರೆದಿತ್ತು. ಒಳಗ ಯಾರೋ ಅಳಾಕತ್ತಿದ್ರು. ಮೆಲ್ಲಕ ಅಂದ್ರು, ‘ಆತ ನನ್ನ ಮುಖ ನೋಡ್ಯಾನ. ಆತ ಕಣ್ಣು ತೆರೆದ್ರ ನನ್ನ ಬಾಳು ಮುಗೀತು. ತೆರೀದಂಗ ನಾನೇ ನೋಡ್ಕೋತೀನಿ’ ಅಂತ.”

ಶಾಂಭವಿ ಸರಳಿನ ಹತ್ತಿರಕ್ಕೆ ಸರಿದಳು. “ಗಂಡಸೋ, ಹೆಂಗಸೋ?”

“ಪಿಸುಮಾತಿನ್ಯಾಗ ಗೊತ್ತಾಗಲಿಲ್ರಿ ಮೇಡಂ. ಮುಖ ಕಾಣಲಿಲ್ಲ.”

“ಇದನ್ನು ನನಗೆ ಯಾಕೆ ಹೇಳಲಿಲ್ಲ?”

“ಧಣಿ ಹೇಳಿದ್ದು ಬರಕೊಂಡ್ರಿ. ನಾ ಹೇಳಿದ್ದು ನಂಬ್ತಿದ್ರೇನ್ರಿ?” ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅದಕ್ಕೇ ಶಾಂಭವಿಯ ಮುಖ ಕೆಂಪಾಯಿತು.

“ನಾ ಕುಂತು ವಿಚಾರ ಮಾಡಿದೆ,” ಎಂದ ಮಾರೇಶ. “ನಾ ಒಳಗಿದ್ರ ಆ ಮನಿಯೋರಿಗೆ ಧೈರ್ಯ. ಕೇಸು ಮಾರೇಶನ ಮ್ಯಾಲೆ ಹೋತು, ಇನ್ನ ನಮಗೇನು ಅಂತ ಸುಮ್ನಿರ್ತಾರ. ಪಕ್ಕೀರಪ್ಪಗ ನಾಕು ದಿನ ಸಿಗ್ತಾವ. ಆತ ಎಚ್ಚರಾಗಿ ತಾನೇ ಬಾಯಿ ಬಿಟ್ಟು ಹೇಳಿದ್ರ ನಾನೂ ಹೊರಗ ಬರ್ತೀನಿ, ಆತನೂ ಉಳೀತಾನ. ನಾ ಬಾಯಿ ಬಿಟ್ಟೆ ಅಂದ್ರ ಇವತ್ತೇ ಕಂಪ್ಲಿಗೆ ಸುದ್ದಿ ಮುಟ್ಟತೈತಿ. ನಾ ಉಳೀತೀನಿ, ಆತ ಹೋಗ್ತಾನ. ಆತಗ ಇಬ್ರು ಹೆಣ್ಣುಮಕ್ಕಳು ಅದಾವ್ರಿ.”

ನಾಗೇಂದ್ರಪ್ಪ ಸರಳು ಹಿಡಿದ ಆ ಕೈಗಳನ್ನೇ ನೋಡಿದರು. ತಾನು ಕಲಿಸಿದ್ದು ಬರೀ ಬೋಲ್ಟು ನಟ್ಟು. ಇದನ್ನು ಈ ಹುಡುಗನಿಗೆ ಯಾರು ಕಲಿಸಿದರೋ. ಅವನ ಬಗ್ಗೆ ದಾರಿಯುದ್ದಕ್ಕೂ ಪಟ್ಟ ಸಿಟ್ಟಿಗೆ ಅವರು ತಮ್ಮನ್ನೇ ಬೈದುಕೊಂಡರು.

“ಗುರುಗಳ,” ಮಾರೇಶನ ದನಿ ಇದ್ದಕ್ಕಿದ್ದಂತೆ ಬದಲಾಯಿತು, “ಬಾಗ್ಲು ನಾ ಬಿಚ್ಚಿದ್ದು ನಿಮಗ ಹೆಂಗ ಗೊತ್ತಾತು? ನೀವು ಕಂಪ್ಲಿಗೆ ಹೋಗಿದ್ರೇನು? ಆ ಮನಿಯೋರಿಗೆ ಗೊತ್ತಾಗಿಲ್ಲಲ್ರಿ?”

ನಾಗೇಂದ್ರಪ್ಪ ಶಾಂಭವಿಯ ಕಡೆ ತಿರುಗಿದರು. ಹೊರಗಿನ ಬೆಂಚಿನ ಮೇಲೆ ಸಿದ್ದಲಿಂಗೇಶ್ ಕುಳಿತಿದ್ದ. ಅವನನ್ನು ಅಂಗಳದಿಂದ ಎಲ್ಲರ ಕಣ್ಣೆದುರು ಜೀಪು ಹತ್ತಿಸಿ ಕರೆತಂದು ಒಂದೂವರೆ ಗಂಟೆಯಾಗಿತ್ತು. ಆ ಮನೆಯಲ್ಲಿ ಇನ್ನಿಬ್ಬರಿದ್ದರು, ಧಣಿಯ ಹೆಂಡತಿ ಮತ್ತು ಅವಳ ತಮ್ಮ. ಅವರನ್ನು ಯಾರೂ ನೋಡಿರಲಿಲ್ಲ, ತಡೆದಿರಲೂ ಇಲ್ಲ.

“ಆಸ್ಪತ್ರಿಯಾಗ ನಿಮ್ಮ ಕಾನ್‌ಸ್ಟೇಬಲ್ ಇದ್ದಾನಲ್ರಿ ಮೇಡಂ?” ನಾಗೇಂದ್ರಪ್ಪ ಕೇಳಿದರು.

ಶಾಂಭವಿ ಆಗಲೇ ಹೊರಬಾಗಿಲ ಕಡೆ ತಿರುಗಿದ್ದಳು. “ಮಾರೇಶನನ್ನು ಹಿಡಿದ ಮೇಲೆ ನಿನ್ನೆಯೇ ವಾಪಸ್ ಕರೆಸಿಕೊಂಡ್ವಿ ಸಾರ್.”

ಅವಳು ಡ್ರೈವರನ್ನು ಕೂಗುತ್ತ ಓಡಿದಳು. ನಾಗೇಂದ್ರಪ್ಪ ನಡೆಯುತ್ತಲೇ ಮೊಬೈಲು ತೆಗೆದು ಪಕ್ಕೀರಪ್ಪನ ಹೆಂಡತಿ ಹಂಪಕ್ಕನಿಗೆ ಫೋನ್ ಮಾಡಿದರು. ಸೋಮವಾರ ಆಸ್ಪತ್ರೆಗೆ ಹೋದಾಗ ತೆಗೆದುಕೊಂಡ ನಂಬರು. ನಾಲ್ಕು ಸಲ ರಿಂಗಾಯಿತು. ಐದನೆಯದಕ್ಕೆ ಎತ್ತಿದಳು.

“ಅಣ್ಣಾರ! ನಾನೇ ಮಾಡಬೇಕಂತಿದ್ದೆ. ದೇವರು ದೊಡ್ಡಾತ. ಅವರು ಕಣ್ಣು ತೆರೆದ್ರು! ನನ್ನ ಹೆಸರು ಹಿಡಿದು ಕರೆದ್ರು. ನೀರು ಕೇಳಿದ್ರು!” ಅಳುವೂ ನಗುವೂ ಒಟ್ಟಿಗೇ ಬರುತ್ತಿತ್ತು. ಹಿಂದೆ ಗ್ಲಾಸುಗಳ ಸದ್ದು, ಯಾರೋ ಎರಡು ಚಾ ಎಂದು ಕೂಗಿದ್ದು ಕೇಳಿಸಿತು.

“ಹಂಪಕ್ಕಾ, ನೀ ಎಲ್ಲಿದ್ದೀಯವ್ವ ಈಗ?”

“ಕೆಳಗ, ಹೋಟೆಲಿನ್ಯಾಗ. ಮೂರು ದಿನದಿಂದ ಹೊಟ್ಟಿಗೆ ಏನೂ ಇಲ್ಲ ಅಂತ ಅವರೇ ಬಲವಂತ ಮಾಡಿ ಕಳಿಸಿದ್ರು.”

“ಯಾರು?”

“ಕಂಪ್ಲಿಯಿಂದ ನೋಡಾಕ ಬಂದಾರಲ್ರಿ. ಎಳನೀರು ತಂದಾರ. ಭಾಳ ಒಳ್ಳೇ ಮಂದಿ ಅಣ್ಣಾರ. ನೀ ಹೋಗಿ ತಿಂದು ಬಾರವ್ವ, ಆತಗ ನೀರು ನಾವೇ ಕುಡಿಸ್ತೀವಿ ಅಂದ್ರು.”